ಯೆಜ್ಡಿಯ ಹೊಟ್ಟೆಯೊಳಗಿನ ಮಸಿ

ಮೈಸೂರಿನ ಹಳೆಯ ಮೊಹಲ್ಲಾಗಳಲ್ಲಿ ಯೆಜ್ಡಿ ಬರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬೀದಿಯ ತಿರುವಿನ ಆಚೆಗಿರುವಾಗಲೇ ಡುಬು ಡುಬು ಸದ್ದು. ಆಮೇಲೆ ಗಾಡಿ. ಗಾಡಿ ದಾಟಿದ ಮೇಲೆ ಹೊಗೆ. ಆ ಹೊಗೆ ತೆಳ್ಳಗೆ ನೀಲಿಯಾಗಿದ್ದರೆ ತಿಳಿದವರು ಸುಮ್ಮನಿರುತ್ತಾರೆ. ದಟ್ಟವಾಗಿ ಸುತ್ತಿಕೊಂಡು ಬೀಡಾ ಅಂಗಡಿಯವನು ಕೆಮ್ಮುವಷ್ಟಾದರೆ, ‘ಕಾರ್ಬನ್ ಹಿಡಿದಿದೆ, ಬಿಚ್ಚಬೇಕು’ ಎಂದು ಯಾರೂ ಕೇಳದಿದ್ದರೂ ಹೇಳುತ್ತಾರೆ. ಈ ಊರಿನಲ್ಲಿ ಯೆಜ್ಡಿಯ ಬಗ್ಗೆ ಉಚಿತ ಸಲಹೆ ಕೊಡುವ ಹಕ್ಕು ಎಲ್ಲರಿಗೂ ಇದೆ. ಗಾಡಿ ಇಲ್ಲಿಯದೇ ತಾನೆ? 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂಬ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಎಂಬ ಹೆಸರಿನಲ್ಲಿ ಈ ಗಾಡಿಗಳು ತಯಾರಾದವು. ಇರಾನಿನ ಯಾಜ್ದ್ ಪಟ್ಟಣದ ಹೆಸರು ಮೈಸೂರಿನ ಮನೆಮಾತಾದದ್ದು ಹೀಗೆ. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಬಂದಿವೆ. ಆದರೆ ಅವು ಫೋರ್ ಸ್ಟ್ರೋಕ್. ಈ ಹೊಗೆಯ ಕಥೆ ಅವಕ್ಕೆ ಅನ್ವಯಿಸುವುದಿಲ್ಲ.

ಹಾಗೆ ಹೊಗೆಯಾಡುತ್ತಿದ್ದ ಒಂದು ಯೆಜ್ಡಿ ಮಂಡಿ ಮೊಹಲ್ಲಾದ ಒಂದು ವಠಾರದಲ್ಲಿ ನಿಂತಿತ್ತು. ಮನೆಯ ಯಜಮಾನರು ಎಂಬತ್ತರ ಹತ್ತಿರದವರು. ಅದೇ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದವರು. 1986ರಲ್ಲಿ ಕಂತಿನ ಮೇಲೆ ಕೊಂಡ ಗಾಡಿ ಅದು. ಈಗ ಅದನ್ನು ಓಡಿಸುವವನು ಮಗ, ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವನ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಫೀಸು ಹೊಂದಿಸಬೇಕಿತ್ತು. ಹಳೆಯ ಯೆಜ್ಡಿಗಳಿಗೆ ಇತ್ತೀಚೆಗೆ ಬಂದಿರುವ ಬೆಲೆ ಗೊತ್ತಿದ್ದ ಯಾರೋ ಬೆಂಗಳೂರಿನ ಹುಡುಗನೊಬ್ಬನನ್ನು ಕರೆತಂದು ತೋರಿಸಿದರು. ಹುಡುಗ ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಕಿಕ್ ಹೊಡೆದ. ವಠಾರವೆಲ್ಲ ಹೊಗೆಯಾಯಿತು. ‘ಎಂಜಿನ್ ಕೆಲಸ ಇದೆ ಅಂಕಲ್’ ಎಂದು ಒಂದೇ ಉಸಿರಿಗೆ ಹದಿನೈದು ಸಾವಿರ ಇಳಿಸಿದ. ಮುಂದಿನ ಭಾನುವಾರ ಬರುತ್ತೇನೆ, ಯೋಚನೆ ಮಾಡಿರಿ ಎಂದ.

ಗ್ಯಾರೇಜಿಗೆ ಕೊಟ್ಟರೆ ಇಳಿಸಿದ್ದರಲ್ಲಿ ಅರ್ಧ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮಗ ತಾನೇ ಬಿಚ್ಚುವುದು ಎಂದು ನಿರ್ಧರಿಸಿದ. ಮಾರುವ ವಿಷಯ ಅಪ್ಪನಿಗೆ ಹೇಳಿರಲಿಲ್ಲ. ಪ್ರದಕ್ಷಿಣೆ ಹಾಕಿದ ಹುಡುಗನನ್ನು ಕಿಟಕಿಯಿಂದ ನೋಡಿದ್ದ ಅಪ್ಪ ತಾವಾಗಿ ಕೇಳಲೂ ಇಲ್ಲ. ‘ಕಾರ್ಬನ್ ತೆಗೀತೀನಿ’ ಎಂದಾಗ, ‘ತೆಗಿ, ನಾನು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ’ ಎಂದರು ಅಷ್ಟೆ.

ಟೂ ಸ್ಟ್ರೋಕ್ ಎಂಜಿನ್ನಿಗೆ ಮಸಿ ಹುಟ್ಟುಗುಣ. ಅದರ ಪಿಸ್ಟನ್ನಿಗೆ ಎಣ್ಣೆ ಉಣಿಸಲು ಬೇರೆ ವ್ಯವಸ್ಥೆ ಇಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕು. ಯೆಜ್ಡಿಗೆ ಲೀಟರಿಗೆ ಮೂವತ್ತರಿಂದ ನಲವತ್ತು ಮಿಲಿಲೀಟರು ಹಾಕುವುದು ವಾಡಿಕೆ. ಆ ಎಣ್ಣೆ ಒಳಗೆ ಸವರಿಕೊಂಡು ತನ್ನ ಕೆಲಸ ಮುಗಿಸಿ ಪೆಟ್ರೋಲಿನ ಜೊತೆಗೇ ಸುಡುತ್ತದೆ, ಪೂರ್ತಿ ಸುಡುವುದಿಲ್ಲ. ಉಳಿದದ್ದು ಪಿಸ್ಟನ್ನಿನ ನೆತ್ತಿಯ ಮೇಲೆ, ಹೆಡ್ಡಿನ ಒಳಮೈಯಲ್ಲಿ, ರಿಂಗು ಕೂರುವ ಗಾಡಿಯಲ್ಲಿ, ಹೊಗೆ ಹೊರಹೋಗುವ ಕಿಂಡಿಯಲ್ಲಿ, ಸೈಲೆನ್ಸರಿನ ಹೊಟ್ಟೆಯಲ್ಲಿ ಪದರ ಪದರವಾಗಿ ಕೂರುತ್ತದೆ. ಎಂಜಿನ್ ಹಿಡಿದುಬಿಟ್ಟೀತು ಎಂಬ ಭಯಕ್ಕೆ ಕೆಲವರು ಎಣ್ಣೆ ಒಂದು ಮುಚ್ಚಳ ಹೆಚ್ಚೇ ಸುರಿಯುತ್ತಾರೆ. ಇನ್ನು ಕೆಲವರು ನಾಲ್ಕು ಕಾಸು ಉಳಿಸಲು ಟೂಟಿ ಎಣ್ಣೆಯ ಬದಲು ಲಾರಿಗೆ ಹಾಕುವ ಎಣ್ಣೆ ಹಾಕುತ್ತಾರೆ. ಇಬ್ಬರ ಗಾಡಿಯೂ ಬೇಗ ಮಸಿ ಹಿಡಿಯುತ್ತದೆ. ಕಿಂಡಿ ಕಿರಿದಾದಷ್ಟೂ ಹೊಗೆ ಹೊರಗೆ ಹೋಗದೆ ಹೊಸ ಗಾಳಿ ಒಳಗೆ ಬಾರದೆ ಎಂಜಿನ್ ಉಸಿರುಗಟ್ಟುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಎರಡನೇ ಗೇರಿನಲ್ಲೇ ಏದುತ್ತದೆ. ಪಿಸ್ಟನ್ ನೆತ್ತಿಯ ಮಸಿ ಕೆಂಡದ ಹಾಗೆ ಕಾದು, ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲಿಗೆ ಬೆಂಕಿ ಮುಟ್ಟಿಸುವುದೂ ಉಂಟು.

ಯೆಜ್ಡಿಯ ಒಂದೇ ಬೋರಿಗೆ ಎರಡು ಸೈಲೆನ್ಸರು. ಬಿಚ್ಚುವ ಮೊದಲು ಅಪ್ಪ ಮಾಡಿಸಿದ ಪರೀಕ್ಷೆ ಸರಳವಾದದ್ದು. ಎಂಜಿನ್ ಚಾಲೂ ಮಾಡಿ ಎರಡು ಸೈಲೆನ್ಸರುಗಳ ಬಾಲದ ಹಿಂದೆ ಸ್ವಲ್ಪ ದೂರದಲ್ಲಿ ಅಂಗೈ ಹಿಡಿಯುವುದು. ಎಡಗಡೆಯದು ಅಂಗೈಗೆ ಗುದ್ದಿದ ಹಾಗೆ ಊದುತ್ತಿತ್ತು. ಬಲಗಡೆಯದು ಮುದುಕನ ಉಸಿರಿನ ಹಾಗಿತ್ತು. ಕಾಸು ಖರ್ಚಿಲ್ಲದೆ ರೋಗ ಎಲ್ಲಿ ಹೆಚ್ಚು ಎಂದು ತಿಳಿಯಿತು.

ಗುರುವಾರ ರಾತ್ರಿ ಪ್ರೆಸ್ಸಿನಿಂದ ಬಂದವನೇ ಮಗ ಗೋಣಿಚೀಲ ಹಾಸಿದ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಒದ್ದೆ ಸಾಬೂನನ್ನು ಉಗುರಿನಿಂದ ಕೆರೆದು ಸಂದಿಗಳಲ್ಲಿ ತುಂಬಿಕೊಂಡ. ಹಾಗೆ ಮಾಡಿದರೆ ಮಸಿ ಉಗುರಿನೊಳಕ್ಕೆ ಇಳಿಯುವುದಿಲ್ಲ, ಮಾರನೇ ದಿನ ಊಟಕ್ಕೆ ಕೂತಾಗ ನಾಚಿಕೆಯಾಗುವುದಿಲ್ಲ. ಹೆಡ್ಡಿನ ನಟ್ಟುಗಳನ್ನು ಅಡ್ಡಕೋನದಲ್ಲಿ ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದ. ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುತ್ತದೆ. ಬೋರು ಮೇಲಕ್ಕೆ ಎತ್ತುವ ಮುನ್ನ ಅಪ್ಪ ‘ಬಟ್ಟೆ’ ಎಂದರು. ಪಿಸ್ಟನ್ನಿನ ಕೆಳಗೆ ಕ್ರ್ಯಾಂಕಿನ ಬಾಯಿಗೆ ಒಗೆದ ಹಳೆಯ ಬನಿಯನ್ ಬಟ್ಟೆ ತುರುಕಬೇಕು. ಕೆರೆದ ಕಾರ್ಬನ್ನಿನ ಒಂದು ಚೂರು ಕೆಳಗೆ ಬಿದ್ದರೂ ಬೇರಿಂಗಿಗೆ ಅದು ಮರಳಿದ್ದ ಹಾಗೆ. ಪಿಸ್ಟನ್ ಪಿನ್ನಿನ ಕ್ಲಿಪ್ಪು ಬಿದ್ದರಂತೂ ಇಡೀ ಎಂಜಿನ್ ಸೀಳಬೇಕಾಗುತ್ತದೆ. ತುರುಕಿದ ಬಟ್ಟೆ ಎಷ್ಟು ತುಂಡು ಎಂದು ಎಣಿಸಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು: ಮೂರು. ಆಪರೇಷನ್ ಮಾಡುವ ಡಾಕ್ಟರೂ ಹೀಗೇ ಎಣಿಸುತ್ತಾರಂತೆ.

ಪಿಸ್ಟನ್ ಹೊರಗೆ ಬಂದಾಗ ಅದರ ನೆತ್ತಿ ಕಪ್ಪು ಅರಗು ಸುರಿದ ಹಾಗಿತ್ತು. ಹೊಗೆಯ ಕಿಂಡಿ ಅರ್ಧಕ್ಕರ್ಧ ಮುಚ್ಚಿತ್ತು. ಮಗ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡ. ಅಪ್ಪ ಅದನ್ನು ಕೈಯಿಂದ ಕಿತ್ತುಕೊಂಡರು.

ಇಲ್ಲೇ ಅನೇಕರು ಎಡವುವುದು. ಪಿಸ್ಟನ್ನೂ ಹೆಡ್ಡೂ ಅಲ್ಯೂಮಿನಿಯಂ, ಮೆತ್ತನೆಯ ಲೋಹ. ಸುಟ್ಟು ಗಟ್ಟಿಯಾದ ಕಾರ್ಬನ್ನನ್ನು ಉಕ್ಕಿನ ಮೊನೆಯಿಂದ ಕೆರೆದರೆ ಕಾರ್ಬನ್ನಿನ ಜೊತೆ ಲೋಹವೂ ಎದ್ದು ಬರುತ್ತದೆ. ಆದ ಗೀರಿನಲ್ಲಿ ಮುಂದಿನ ಸಲ ಮಸಿ ಇನ್ನೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಉಜ್ಜುಕಾಗದ ಹಾಕಿ ತಿಕ್ಕಿದರೆ ಹೊಳೆಯುತ್ತದೆ, ನಿಜ. ಆದರೆ ಅದರ ಪುಡಿ ರಿಂಗಿನ ಗಾಡಿಯಲ್ಲಿ ಸೇರಿಕೊಂಡು ಬೋರನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ ಕಾರ್ಬ್ಯುರೇಟರಿನ ಸಣ್ಣ ತೂತುಗಳಿಗೆ ಒಳ್ಳೆಯದೇ. ಪಿಸ್ಟನ್ ನೆತ್ತಿಯ ಮೇಲೆ ಅದನ್ನು ಹೊಡೆಯುವುದು ದುಡ್ಡನ್ನು ಗಾಳಿಗೆ ಹೊಡೆದ ಹಾಗೆ. ಮಸಿ ಮೆತ್ತಗಾಗುವುದರೊಳಗೆ ಅದು ಹಾರಿಹೋಗಿರುತ್ತದೆ.

ದಾರಿ ತೋರಿಸಿದ್ದು ಅಡುಗೆಮನೆ. ಒಳಗಿನಿಂದ ಸೊಸೆ ಇಷ್ಟನ್ನೂ ನೋಡುತ್ತಿದ್ದವಳು, ‘ರೀ, ಸೀದ ಪಾತ್ರೆನ ಯಾರಾದ್ರೂ ಒಣಗಿದ್ದಾಗಲೇ ಉಜ್ತಾರಾ? ಉಗುರು ಹೋಗುತ್ತೆ ಅಷ್ಟೆ. ರಾತ್ರಿ ನೆನೆ ಹಾಕಿ’ ಎಂದಳು. ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಮಾವನವರು ‘ಅದನ್ನೇ ನಾನು ಹೇಳ್ಬೇಕು ಅಂತಿದ್ದೆ’ ಎಂದರು. ಹೇಳಬೇಕು ಅಂತಿದ್ದರೋ ಇಲ್ಲವೋ, ಮಾತು ಮಾತ್ರ ಸರಿಯಾದದ್ದು. ಸೀಮೆಎಣ್ಣೆ ಕಾರ್ಬನ್ನನ್ನು ಕರಗಿಸುವುದಿಲ್ಲ. ಅದನ್ನು ಹಿಡಿದಿಟ್ಟಿರುವ ಜಿಡ್ಡನ್ನು ಕರಗಿಸುತ್ತದೆ. ಆ ಜಿಡ್ಡಿನೊಳಕ್ಕೆ ಇಳಿಯಲು ಅದಕ್ಕೆ ಹೊತ್ತು ಬೇಕು. ಒಂದು ಗಂಟೆ ಸಾಲದು. ಒಂದು ರಾತ್ರಿ ಬೇಕು, ಕೆಲವೊಮ್ಮೆ ಎರಡು.

ಸೀಮೆಎಣ್ಣೆಯಾದರೂ ಈಗ ಹಿಂದಿನಂತೆ ಸುಲಭಕ್ಕೆ ಸಿಗುವ ವಸ್ತುವಲ್ಲ. ಅನೇಕ ಗ್ಯಾರೇಜುಗಳಲ್ಲಿ ಡೀಸೆಲ್ಲಿನಲ್ಲೇ ತೊಳೆಯುತ್ತಾರೆ, ಅದೂ ಆಗುತ್ತದೆ. ಈ ಮನೆಯ ಅಟ್ಟದ ಮೇಲೆ ರೇಷನ್ ಕಾಲದ ನೀಲಿ ಸೀಮೆಎಣ್ಣೆ ಒಂದು ಕ್ಯಾನಿನಲ್ಲಿ ಎರಡು ಲೀಟರಿನಷ್ಟು ಉಳಿದಿತ್ತು. ಪೆಟ್ರೋಲಿನಲ್ಲಿ ತೊಳೆಯುವವರೂ ಇದ್ದಾರೆ. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದುಕೊಂಡು ಹೋಗಿ ಎಲ್ಲೋ ಇರುವ ಒಲೆಯ ಬೆಂಕಿಯನ್ನು ಹುಡುಕಿಕೊಳ್ಳುತ್ತದೆ. ಸೀಮೆಎಣ್ಣೆ ಅಷ್ಟು ಆತುರದ್ದಲ್ಲ. ಹಾಗೆಂದು ಬೀಡಿ ಹಚ್ಚಿಕೊಂಡು ತೊಳೆಯುವ ಹಾಗಿಲ್ಲ.

ಹೆಡ್ಡು ಮತ್ತು ಪಿಸ್ಟನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಸೀಮೆಎಣ್ಣೆಗೆ ಮುಳುಗಿದವು. ಉಳಿದದ್ದು ಸೈಲೆನ್ಸರು. ಅದರ ಒಳಗಿನ ಬ್ಯಾಫಲ್ ಕೊಳವೆಯನ್ನು ಎಳೆದು ತೆಗೆಯಬಹುದು. ಕೆಲವು ಹುಡುಗರು ತೆಗೆದವರು ಮತ್ತೆ ಹಾಕುವುದೇ ಇಲ್ಲ, ಊರಿಗೆಲ್ಲ ಕೇಳಲಿ ಎಂದು. ಬರೀ ಕಬ್ಬಿಣದ ಆ ಕೊಳವೆಗಳನ್ನು ಹಿತ್ತಲಿನಲ್ಲಿ ತೆಂಗಿನ ಚಿಪ್ಪಿನ ಕೆಂಡದಲ್ಲಿ ಹುಗಿದು ಸುಡಿಸಿದ್ದಾಯಿತು. ಜಿಡ್ಡು ಉರಿದುಹೋಗಿ ಉಳಿದ ಬೂದಿ ತಟ್ಟಿದರೆ ಉದುರುತ್ತದೆ. ಸೈಲೆನ್ಸರಿನ ಹೊರಚಿಪ್ಪನ್ನು ಹಾಗೆ ಸುಡುವಂತಿಲ್ಲ, ಕ್ರೋಮ್ ನೀಲಿಗಟ್ಟುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ.

ಕಾಸ್ಟಿಕ್ ಸೋಡಾ ಅಗ್ಗ, ಕೆಲಸಗಾರ, ಆದರೆ ನಂಬಿಕಸ್ಥನಲ್ಲ. ಜಿಡ್ಡನ್ನು ಅದು ಸಾಬೂನಾಗಿ ಮಾಡಿ ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಕೈಯ ಚರ್ಮದ ಮೇಲೂ ಅದೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ತಣ್ಣೀರಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು; ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ರಬ್ಬರ್ ಕೈಚೀಲ, ಕಣ್ಣಿಗೆ ಕನ್ನಡಕ ಇರಲೇಬೇಕು. ಕಣ್ಣಿಗೆ ಹಾರಿದರೆ ಕಾಲು ಗಂಟೆಯಾದರೂ ನಲ್ಲಿ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಮೇಲೆ ನೇರ ಆಸ್ಪತ್ರೆಗೆ ಹೋಗಬೇಕು. ಸೈಲೆನ್ಸರಿನ ಒಂದು ಬಾಯಿಗೆ ಮರದ ಬೆಣೆ ಬಡಿದು, ನೆಟ್ಟಗೆ ನಿಲ್ಲಿಸಿ, ನೀರು ತುಂಬಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಕಾಫಿ ಡಿಕಾಕ್ಷನ್ನಿಗಿಂತ ಕಪ್ಪಾದದ್ದು ಹೊರಗೆ ಬರುತ್ತದೆ.

ಶುಕ್ರವಾರ ರಾತ್ರಿ ಅಷ್ಟೂ ಆಯಿತು. ಬಕೆಟ್ಟಿನಲ್ಲಿ ಅರ್ಧದಷ್ಟು ಕಾಸ್ಟಿಕ್ ನೀರು ಉಳಿದಿತ್ತು. ಭಾನುವಾರಕ್ಕೆ ಒಂದೇ ದಿನ. ಸೀಮೆಎಣ್ಣೆಯಲ್ಲಿದ್ದ ಹೆಡ್ಡನ್ನು ಮಗ ಎತ್ತಿ ನೋಡಿದ, ಮಸಿ ಇನ್ನೂ ಗಟ್ಟಿಯಾಗಿಯೇ ಇತ್ತು. ಇಷ್ಟು ಚೆನ್ನಾಗಿ ಸೈಲೆನ್ಸರಿನ ಜಿಡ್ಡು ತೆಗೆಯುವುದು ಹೆಡ್ಡಿನದನ್ನೂ ತೆಗೆಯಬೇಕಲ್ಲವೇ? ಅವನು ಹೆಡ್ಡನ್ನು ಒರೆಸಿ ಬಕೆಟ್ಟಿನ ಕಡೆ ಬಗ್ಗಿದ.

‘ಲೇ! ಇಡೋ ಕೆಳಗೆ! ಅಲ್ಯೂಮಿನಿಯಂ ಕಣೋ ಅದು!’

ಕುರ್ಚಿಯಿಂದ ಏಳಲು ಇಬ್ಬರ ಸಹಾಯ ಬೇಕಾಗಿದ್ದ ಮನುಷ್ಯ ಎದ್ದು ನಿಂತಿದ್ದರು. ಆ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ಕಾಸ್ಟಿಕ್ ಸೋಡಾ ಕಬ್ಬಿಣವನ್ನು ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಅನ್ನು ಬಿಡುವುದಿಲ್ಲ. ಎರಡೂ ಸೇರಿದರೆ ಬುರುಬುರು ನೊರೆಯೆದ್ದು ಲೋಹ ಕರಗತೊಡಗುತ್ತದೆ. ಏಳುವ ಗುಳ್ಳೆ ಜಲಜನಕ, ಬೆಂಕಿ ಕಂಡರೆ ಹೊತ್ತಿಕೊಳ್ಳುವ ಅನಿಲ. ರಾತ್ರಿ ಹಾಕಿ ಮಲಗಿದವನು ಬೆಳಿಗ್ಗೆ ಎದ್ದು ನೋಡಿದರೆ ಹೆಡ್ಡು ಕಪ್ಪಾಗಿ ಗುಳಿಗುಳಿಯಾಗಿ, ಪ್ಲಗ್ಗಿನ ಮರೆ ತಿಂದುಹೋಗಿ, ಗ್ಯಾಸ್ಕೆಟ್ ಕೂರುವ ಮುಖ ಕೆಟ್ಟಿರುತ್ತದೆ. ಕಾರ್ಬ್ಯುರೇಟರಿನ ಮೈಯೂ ಅದೇ ಜಾತಿಯ ಲೋಹ, ಅದಕ್ಕೂ ಕಾಸ್ಟಿಕ್ ಕೂಡದು. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದ ಮೇಲೆ ಅಸಲಿ ಹೆಡ್ಡು ಒಂದು ಹುಡುಕಬೇಕೆಂದರೆ ಗುಜರಿಯಿಂದ ಗುಜರಿಗೆ ಅಲೆಯಬೇಕು, ಸಿಕ್ಕಿದ್ದಕ್ಕೆ ಅವನು ಹೇಳಿದ ಬೆಲೆ ಕೊಡಬೇಕು. ಅಗ್ಗದಲ್ಲಿ ತೊಳೆಯಲು ಹೊರಟವನು ಹೆಚ್ಚು ಹೆದರಬೇಕಾದದ್ದು ಖರ್ಚಿಗಲ್ಲ, ಆತುರಕ್ಕೆ.

ಮಗ ಹೆಡ್ಡನ್ನು ಮತ್ತೆ ಸೀಮೆಎಣ್ಣೆಗೆ ಇಳಿಸಿದ. ಅಪ್ಪ ಕೂತುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ‘ಭಾನುವಾರ ಆಗ್ಲಿಲ್ಲ ಅಂದ್ರೆ ಆ ಹುಡುಗ ಸೋಮವಾರ ಬರ್ತಾನೆ’ ಎಂದರು. ಮಗ ತಲೆ ಎತ್ತಲಿಲ್ಲ. ‘ಮಗೂಗೆ ಫೀಸು ಎಷ್ಟು ಕಮ್ಮಿ ಬಿದ್ದಿದೆ?’ ಎಂದು ಕೇಳಿದರು. ಅವನು ಹೇಳಿದ. ಅವರು ಹೂಂ ಎಂದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಮಸಿ ಸೋತಿತ್ತು. ಕೆರೆಯುವ ಹತ್ಯಾರ ಬಿದಿರಿನದು. ಮುರಿದ ಬುಟ್ಟಿಯ ದಬ್ಬೆಯನ್ನು ಉಳಿಯ ಹಾಗೆ ಸೀಳಿ ಅಪ್ಪ ಕೂತಲ್ಲೇ ನಾಲ್ಕು ಮಾಡಿಕೊಟ್ಟಿದ್ದರು. ಬಿದಿರು ಕಾರ್ಬನ್ನಿಗೆ ಸಾಕಷ್ಟು ಗಟ್ಟಿ, ಅಲ್ಯೂಮಿನಿಯಂ ಮುಂದೆ ಮೆತ್ತಗೆ. ಮೊಂಡಾದರೆ ಮತ್ತೆ ಹೆರೆದುಕೊಳ್ಳಬಹುದು. ಬಿದಿರಿಗೆ ಬಗ್ಗದ ಕಡೆ ಹಿತ್ತಾಳೆ ತಂತಿಯ ಬ್ರಷ್ಷು. ಬೀಡು ಕಬ್ಬಿಣದ ಬೋರಿನ ಹೊಗೆ ಕಿಂಡಿಯಲ್ಲಿ ಮಾತ್ರ ಸ್ವಲ್ಪ ಒರಟಾಗಿ ನಡೆದುಕೊಳ್ಳಬಹುದು, ಒಳಗೋಡೆಗೆ ಗೀರು ಬೀಳದಂತೆ. ರಿಂಗಿನ ಗಾಡಿ ಬಿಡಿಸಲು ಮುರಿದ ಹಳೆಯ ರಿಂಗಿನ ತುಂಡಿನಷ್ಟು ಸರಿಯಾಗಿ ಕೂರುವ ಹತ್ಯಾರ ಇನ್ನೊಂದಿಲ್ಲ. ಆದರೆ ಕೈ ಹಗುರವಿರಬೇಕು. ಗಾಡಿಯೊಳಗೆ ಒಂದು ಸಣ್ಣ ಮೊಳೆ ಇರುತ್ತದೆ, ರಿಂಗು ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿಕೊಳ್ಳದಿರಲೆಂದು. ಮಸಿ ಎಂದುಕೊಂಡು ಅದನ್ನೇ ಮೀಟುವವರಿದ್ದಾರೆ.

ನೆತ್ತಿಯ ಕಡೆಯ ಪದರ ಎದ್ದಾಗ ಲೋಹದಲ್ಲಿ ಮೊದಲು ಒಂದು ಬಾಣದ ಗುರುತು ಕಂಡಿತು, ಪಿಸ್ಟನ್ ಯಾವ ಮುಖವಾಗಿ ಕೂರಬೇಕೆಂದು ಹೇಳುವ ಗುರುತು. ಅದರ ಪಕ್ಕದಲ್ಲಿ ಅಂಕೆ: 0.50. ಅಂದರೆ ಬೋರನ್ನು ಒಮ್ಮೆ ಕೊರೆದು ಅರ್ಧ ಮಿಲಿಮೀಟರು ಹಿಗ್ಗಿಸಿದ್ದಾರೆ, ದೊಡ್ಡ ಪಿಸ್ಟನ್ ಹಾಕಿದ್ದಾರೆ. ಮಗನಿಗೆ ಇದು ಗೊತ್ತೇ ಇರಲಿಲ್ಲ. ಅಪ್ಪ ಪಿಸ್ಟನ್ನನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಆ ಅಂಕೆ ಸವರಿದರು. ಅವನು ಹೈಸ್ಕೂಲಿನಲ್ಲಿದ್ದಾಗ ಊಟಿಯ ಘಾಟಿಯಲ್ಲಿ ಎಂಜಿನ್ ಹಿಡಿದುಹೋಗಿತ್ತು. ಕಾರ್ಖಾನೆ ಮುಚ್ಚಿ ಕೈ ಕಟ್ಟಿದ್ದ ಕಾಲ. ಸಾಲ ಮಾಡಿ ಬೋರ್ ಮಾಡಿಸಿದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ‘ಕೊಳ್ಳೋನಿಗೆ ಈ ನಂಬರ್ ಹೇಳು. ಮುಚ್ಚಿಡಬೇಡ’ ಎಂದರು.

ಲೆಕ್ಕ ಹಾಕಿದರೆ ಕಾಸ್ಟಿಕ್ ಸೋಡಾ, ಹಿತ್ತಾಳೆ ಬ್ರಷ್ಷು, ರಬ್ಬರ್ ಕೈಚೀಲ, ಹೆಡ್ ಗ್ಯಾಸ್ಕೆಟ್ ಎಲ್ಲ ಸೇರಿ ಐನೂರು ದಾಟಿರಲಿಲ್ಲ. ಬೋರಿನ ಕೆಳಗಿನ ಕಾಗದದ ಗ್ಯಾಸ್ಕೆಟ್ಟನ್ನು ದಪ್ಪ ಗ್ಯಾಸ್ಕೆಟ್ ಕಾಗದದಿಂದ ಮನೆಯಲ್ಲೇ ಕತ್ತರಿಸಿದ್ದರು. ಜೋಡಿಸುವಾಗ ಗೋಡೆ ನೋಡಿ ಬಟ್ಟೆ ಎಣಿಸಿದರು, ಮೂರೂ ಬಂದವು. ಎಲ್ಲ ಭಾಗಗಳಿಗೂ ಟೂಟಿ ಎಣ್ಣೆ ಸವರಿ ಕೂರಿಸಿ, ರಾತ್ರಿ ಒಂಬತ್ತಕ್ಕೆ ಕಿಕ್ ಹೊಡೆದಾಗ ಮೂರನೆಯದಕ್ಕೆ ಚಾಲೂ ಆಯಿತು. ಮೊದಲ ಎರಡು ನಿಮಿಷ ಸವರಿದ ಎಣ್ಣೆ ಸುಡುವ ಹೊಗೆ, ಆಮೇಲೆ ತೆಳುವಾಯಿತು. ಮಗ ಎರಡು ಬಾಲಗಳ ಹಿಂದೆಯೂ ಅಂಗೈ ಹಿಡಿದ. ಎರಡೂ ಒಂದೇ ಸಮ ಗುದ್ದುತ್ತಿದ್ದವು.

ಉಳಿದದ್ದು ಗಲೀಜು ಬಳಿಯುವ ಕೆಲಸ. ಕಾಸ್ಟಿಕ್ ನೀರನ್ನು ಗಿಡದ ಬುಡಕ್ಕೆ ಹಾಕದೆ, ಹತ್ತಾರು ಬಕೆಟ್ ನೀರು ಬೆರೆಸಿ ಕಕ್ಕಸಿಗೆ ಬಿಟ್ಟರು. ಟಬ್ಬಿನ ಸೀಮೆಎಣ್ಣೆ ಕರಿ ಶಾಯಿಯಂತಾಗಿತ್ತು. ಮಗ ಅದನ್ನು ಒಂದು ಡಬ್ಬಕ್ಕೆ ಸುರಿದು ಗುಜರಿಯವನಿಗೆ ಕೊಡೋಣವೆಂದ. ‘ಹಾಗೇ ಬಿಡು. ಎರಡು ದಿನದಲ್ಲಿ ಮಸಿಯೆಲ್ಲ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಬಸಿದಿಟ್ಕೊ, ಮುಂದಿನ ಸಲಕ್ಕೆ ಬೇಕಾಗುತ್ತೆ’ ಎಂದರು ಅಪ್ಪ, ಒಳಗೆ ಹೋಗುತ್ತಾ.

ಸೋಮವಾರ ಸಂಜೆ ಮಗ ಡಬ್ಬವನ್ನು ಅಲುಗಿಸದೆ ಎತ್ತಿ, ಎರಡು ಮಡಿಕೆ ಹಳೆಯ ಪಂಚೆಯ ಮೂಲಕ ತಿಳಿಯನ್ನು ಕ್ಯಾನಿಗೆ ಬಸಿದ. ಒಂದೂವರೆ ಲೀಟರಿನಷ್ಟು ಸಿಕ್ಕಿತು. ತಳದ ಕೆಸರನ್ನು ಬೇರೆ ತೆಗೆದು, ಕ್ಯಾನಿನ ಮುಚ್ಚಳ ಬಿಗಿ ಮಾಡಿ ಅಟ್ಟದ ಮೇಲಿಟ್ಟ.